ಹಳೇ ಗೇಮಿನ ಹೊಸ ದಾಖಲೆ

ಮೂವತ್ತು ವರ್ಷಗಳ ಹಿಂದೆ ವಿಜಯವಾಡದ ಗೇಮ್ ಪಾರ್ಲರಿನಲ್ಲಿ ಮೈದುನ ಫಣೀಂದ್ರ ಮಾಡಿದ್ದ ದಾಖಲೆಯನ್ನು ಇವತ್ತು ಬೆಳಿಗ್ಗೆ ನಾನು ಮುರಿದೆ. ಅದೇ ಆಟವನ್ನು ಟಿವಿಯಲ್ಲಿ ಆಡುವ ಹಳೇ ವಿಡಿಯೋ ಗೇಮ್ ವಿಶಾಖಪಟ್ಟಣದ ನಮ್ಮ ಮನೆಯಲ್ಲಿದೆ.

ಆಫ್ ಮಾಡಿದರೆ ಅಂಕ ಅಳಿಸಿಹೋಗುತ್ತದೆ. ಫಣೀಂದ್ರ ಬರುವುದು ಮಧ್ಯಾಹ್ನದ ರೈಲಿಗೆ; ಅವನಿಗೆ ತೋರಿಸುವವರೆಗೂ ಗೇಮ್ ಆನ್ ಇರಬೇಕು. ಫ್ಯೂಸ್ ಹೋದೀತೆಂದು ಸೊಸೆ ಮಾಧವೀಲತಾ ಮಿಕ್ಸಿ ಮುಟ್ಟದೆ ಗೋಂಗೂರ ಪಚ್ಚಡಿ, ಅಂದರೆ ಪುಂಡಿ ಸೊಪ್ಪಿನ ಚಟ್ನಿಯನ್ನು ಒರಳಿನಲ್ಲೇ ರುಬ್ಬಿದಳು. ಆದರೆ ನಮ್ಮ ಯಜಮಾನರು, ಕೋಣೆ ಬಿಡುವಾಗ ಸ್ವಿಚ್ಚುಗಳನ್ನೆಲ್ಲ ಆರಿಸುವ ಬ್ಯಾಂಕಿನ ಅಭ್ಯಾಸದಲ್ಲಿ, ಗೇಮಿನ ಸ್ವಿಚ್ಚನ್ನೂ ಆರಿಸಿಬಿಟ್ಟರು.

ಊಟಕ್ಕೆ ಕುಳಿತ ಫಣೀಂದ್ರ ದಾಖಲೆ ಮುರಿದೆನೆಂಬ ನನ್ನ ಮಾತಿಗೆ ನಕ್ಕ. "ಸಾಕ್ಷಿ ಎಲ್ಲಿ, ಅತ್ತಿಗೆ?"

"ನಿಮ್ಮ ತಟ್ಟೆಯಲ್ಲೇ ಇದೆ, ಮಾವಯ್ಯ," ಎಂದ ಸೊಸೆ ಕೆಂಪಾದ ಅಂಗೈ ತೋರಿಸಿ ಎಲ್ಲ ಹೇಳಿದಳು.

ಅವನು ಇನ್ನಷ್ಟು ಪಚ್ಚಡಿ ಹಾಕಿಸಿಕೊಂಡ. "ಸುಳ್ಳಿಗೋಸ್ಕರ ಯಾರೂ ಇಷ್ಟು ನುಣ್ಣಗೆ ರುಬ್ಬಲ್ಲ. ನಾನು ಸೋತೆ, ಅತ್ತಿಗೆ!"