ಮುಳುಗದವಳನ್ನು ಎತ್ತಿದ ದೋಣಿ

ಅಕ್ಕ ಮುಳುಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ದಿನದಿಂದ ಈಚೆಗೆ ಅದನ್ನು ನಂಬಿದ ಒಬ್ಬನೇ ಒಬ್ಬ ಮನುಷ್ಯ ಅವಳಿಗೆ ಸಿಕ್ಕಿರಲಿಲ್ಲ. ಅವಳು ಕೆರೆಯಲ್ಲಿ ಈಜುತ್ತಿದ್ದಳು, ಅಷ್ಟೇ. ಒಂದೂವರೆ ಸಾವಿರ ಮೀಟರ್ ಈಜು, ಆಮೇಲೆ ನಲವತ್ತು ಕಿಲೋಮೀಟರ್ ಸೈಕಲ್, ಆಮೇಲೆ ಹತ್ತು ಕಿಲೋಮೀಟರ್ ಓಟ. ಟ್ರಯಥ್ಲಾನ್ ಎಂದರೆ ಇಷ್ಟು. ಈಜಿನ ಅರ್ಧ ದಾರಿ ಮುಗಿದಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ದೋಣಿ ಬಂತು, ಎರಡು ಕೈ ಅವಳ ಕಂಕುಳಿಗೆ ಬಿದ್ದವು, ಒದ್ದೆ ಮೂಟೆ ಎತ್ತಿದ ಹಾಗೆ ಎತ್ತಿ ದೋಣಿಯೊಳಗೆ ಹಾಕಿಕೊಂಡವು. ದೋಣಿಯವರು ಎತ್ತಿದರೆ ಸ್ಪರ್ಧೆಯಿಂದ ಹೊರಗೆ, ಅದು ನಿಯಮ. ಅಕ್ಕ ದೋಣಿಯಲ್ಲಿ ಕೂತು ಬೈದ ಬೈಗುಳ ದಡದವರೆಗೂ ಕೇಳಿಸಿತಂತೆ. ದಡದಲ್ಲಿದ್ದವರು ಅದನ್ನು ಗಾಬರಿಯ ಅಳು ಎಂದುಕೊಂಡು ಕಂಬಳಿ ಹೊದಿಸಿದರು.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಬಾಯಿ ತೆರೆದ ಅಕ್ಕ, ಅವಳನ್ನು ಅವುಚಿ ಹಿಡಿದ ಜೀವರಕ್ಷಕ. ಕೆಳಗೆ ದಪ್ಪಕ್ಷರದಲ್ಲಿ: ಮುಳುಗುತ್ತಿದ್ದ ಮಹಿಳೆಯ ರಕ್ಷಣೆ. ಬಣ್ಣದಂಗಡಿಯವನು ಅದನ್ನು ಕತ್ತರಿಸಿ ಗಲ್ಲಾದ ಹಿಂದೆ ಅಂಟಿಸಿಕೊಂಡ, ಪ್ರೀತಿಯಿಂದಲೇ. ಅಕ್ಕ ಅದನ್ನು ಕಿತ್ತು ಅದರಲ್ಲೇ ಬ್ರಷ್ ಒರೆಸಿದಳು.

ನಿಜಕ್ಕೂ ಅವಳು ಅಕ್ಕನಾಗಿದ್ದು ತಮ್ಮನೊಬ್ಬನಿಗೆ ಮಾತ್ರ. ಆದರೆ ತಮ್ಮ ಪೇಂಟಿಂಗ್ ಮೇಸ್ತ್ರಿ. ಅವನು ಕೂಗಿದ್ದನ್ನು ಕೇಳಿ ಕೇಳಿ ಕೆಲಸದವರೆಲ್ಲ ಅಕ್ಕ ಎಂದರು, ಅಂಗಡಿಯವನೂ ಎಂದ, ಗಂಡನೂ ಎರಡು ಸಲ ಬಾಯಿತಪ್ಪಿ ಅಂದು ನಾಲಿಗೆ ಕಚ್ಚಿಕೊಂಡಿದ್ದ. ತಮ್ಮನಿಗೆ ಬ್ರಷ್ ಹಿಡಿಯುವುದನ್ನು ಕಲಿಸಿದವಳೇ ಅವಳು. ಇಪ್ಪತ್ತಾರು ವರ್ಷ ಏಣಿಯ ಮೇಲೆ ನಿಂತು ಛಾವಣಿಗಳಿಗೆ ಬಣ್ಣ ಬಳಿದಿದ್ದಳು. ಗೋಡೆ ಯಾರು ಬೇಕಾದರೂ ಬಳಿಯಬಹುದು, ಛಾವಣಿ ಎಂದರೆ ಅಕ್ಕನೇ ಆಗಬೇಕು ಎಂದು ಮನೆಯವರು ಕೇಳಿ ಕರೆಸುತ್ತಿದ್ದರು.

ಈ ಸ್ಪರ್ಧೆಯ ಹುಚ್ಚು ಹತ್ತಿದ್ದೂ ಕೆಲಸದಲ್ಲೇ. ಒಂದು ಮನೆಯಲ್ಲಿ ಬಣ್ಣ ಬಳಿಯುವ ಮೊದಲು ಗೋಡೆಯ ಮೇಲಿನ ಪದಕ ಇಳಿಸಬೇಕಿತ್ತು. ಇದು ಯಾತಕ್ಕೆ ಕೊಟ್ಟದ್ದು ಎಂದು ಅಕ್ಕ ಕೇಳಿದಳು. ಮನೆಯ ಯಜಮಾನ ಈಜು, ಸೈಕಲ್, ಓಟ ಮೂರೂ ವಿವರಿಸಿ, ಕೊನೆಗೆ, "ಇದೆಲ್ಲ ನಿಮ್ಮಂಥೋರಿಗಲ್ಲ ಬಿಡಿ" ಎಂದು ನಕ್ಕ. ಅವನು ಒಳ್ಳೆಯ ಮಾತಿಗೇ ಅಂದಿರಬಹುದು. ಅಕ್ಕನಿಗೆ ಮಾತ್ರ ಅದು ನೆತ್ತಿಗೇರಿತು. ಸೈಕಲ್ ತುಳಿಯುವುದು ದಿನಾ ಇದ್ದದ್ದೇ. ಓಟ ಆರು ತಿಂಗಳಲ್ಲಿ ಬಂತು. ಈಜನ್ನು ಅವಳು ತಾನೇ ಕಲಿತಳು, ಅಂದರೆ ನೀರಿಗಿಳಿದು ಕೈಕಾಲು ಬಡಿದು ಆಚೆ ದಡ ಮುಟ್ಟುವುದನ್ನು ಕಲಿತಳು.

ಈಗ ಅದೇ ಅವಳ ಏಣಿ ಕಿತ್ತುಕೊಂಡಿತು.

"ನಲವತ್ತೇಳು ವರ್ಷ ಆಯ್ತು ನಿಂಗೆ" ಎಂದ ತಮ್ಮ. "ಜೀವ ಉಳೀತಲ್ಲ, ಅದು ದೊಡ್ಡದು. ಇನ್ಮೇಲೆ ಮೇಲೆ ಹತ್ತೋದು ಬೇಡ. ಕೆಳಗಿನ ಕೆಲ್ಸ ನೋಡ್ಕೋ."

"ನಾನು ಮುಳುಗ್ತಿರ್ಲಿಲ್ಲ ಕಣೋ."

"ಆಯ್ತಾಯ್ತು, ಮುಳುಗ್ತಿರ್ಲಿಲ್ಲ" ಎಂದ ಅವನು, ಜ್ವರ ಬಂದವರಿಗೆ ಹೇಳುವ ದನಿಯಲ್ಲಿ.

ಕೆಳಗಿನ ಕೆಲಸ ಎಂದರೆ ಗೋಡೆಯ ಬುಡದ ಪಟ್ಟಿ, ಬಾಗಿಲ ಚೌಕಟ್ಟಿನ ಕೆಳತುದಿ, ಮೆಟ್ಟಿಲಿನ ಅಂಚು. ಮೊಣಕಾಲೂರಿ ಮಾಡುವ ಕೆಲಸ. ಅವಳೇ ತಯಾರು ಮಾಡಿದ ಹುಡುಗಿಯರು ಮೇಲೆ ಏಣಿಯಲ್ಲಿ ನಿಂತು ರೋಲರ್ ಆಡಿಸುವಾಗ ಹನಿಗಳು ಅವಳ ಬೆನ್ನ ಮೇಲೆ ಬೀಳುತ್ತಿದ್ದವು. ಒಂದು ತಿಂಗಳು ಹಲ್ಲು ಕಚ್ಚಿ ಸಹಿಸಿದಳು. ಒಂದು ಮಧ್ಯಾಹ್ನ ಬ್ರಷ್ ಎಸೆದು ಎದ್ದಳು.

"ಏಣಿ ವಾಪಸ್ ಕೊಡೋಕೆ ಏನು ಮಾಡ್ಬೇಕು, ಹೇಳು."

ತಮ್ಮ ತಮಾಷೆಗೆ ಅಂದ: "ಬರೋ ವರ್ಷ ಅದೇ ಕೆರೇಲಿ ಈಜಿ, ದೋಣಿ ಹತ್ತದೆ ದಡಕ್ಕೆ ಬಾ. ಕೊಡ್ತೀನಿ."

"ಇಷ್ಟು ಜನ ಕೇಳಿಸ್ಕೊಂಡಿದಾರೆ" ಎಂದಳು ಅಕ್ಕ, ಏಣಿಯ ಮೇಲಿದ್ದವರನ್ನು ತೋರಿಸಿ.

ಅವಳನ್ನು ಎತ್ತಿದ ಜೀವರಕ್ಷಕ ಊರಿನ ಈಜುಕೊಳದಲ್ಲೇ ಕೆಲಸಕ್ಕಿದ್ದ. ಅರವತ್ತರ ಹತ್ತಿರದ ಮನುಷ್ಯ, ಕತ್ತಿನಲ್ಲಿ ಸದಾ ಸೀಟಿ, ಅದರಿಂದಲೇ ಎಲ್ಲರ ಬಾಯಲ್ಲಿ ಅವನ ಹೆಸರು ಪೀಪಿ. ಅಕ್ಕ ಸೀದಾ ಅವನ ಕುರ್ಚಿಯ ಮುಂದೆ ಹೋಗಿ ನಿಂತಳು.

"ಯಾಕೆ ಎತ್ತಿದೆ ನನ್ನ?"

"ಮುಳುಗ್ತಿದ್ದೆ."

"ಮುಳುಗೋರು ಹೇಗಿರ್ತಾರೆ, ಮಾಡಿ ತೋರ್ಸು ನೋಡೋಣ."

ಪೀಪಿ ಬೇಸರಪಡದೆ ನೀರಿಗಿಳಿದ. ತಲೆ ಹಿಂದಕ್ಕೆ ಹಾಕಿದ, ಬಾಯಿ ಆಕಾಶಕ್ಕೆ ತೆರೆದ, ಸೊಂಟವನ್ನು ಕೆಳಕ್ಕೆ ಬಿಟ್ಟು, ಕಾಣದ ಏಣಿ ಹತ್ತುವವನ ಹಾಗೆ ಎರಡೂ ಕೈಗಳಿಂದ ನೀರನ್ನು ಕೆಳಕ್ಕೆ ಒತ್ತತೊಡಗಿದ. ಅಕ್ಕ ನೋಡುತ್ತಾ ನಿಂತಳು. ಪತ್ರಿಕೆಯ ಫೋಟೋ ಕಣ್ಣ ಮುಂದೆ ಬಂತು. ತಾನು ಈಜುವುದು ಥೇಟ್ ಹೀಗೇ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

"ಇನ್ನೊಂದು" ಎಂದ ಪೀಪಿ, ಮೇಲೆ ಬಂದು. "ಮೂರು ಸಲ ಕೂಗಿದೆ, ಹುಷಾರಾಗಿದೀಯಾ ಅಂತ. ನೀನು ಮಾತಾಡ್ಲಿಲ್ಲ. ಮುಳುಗೋರು ಮಾತಾಡಲ್ಲ. ಕೂಗೋಕೆ ಅವ್ರಿಗೆ ಉಸಿರಿರಲ್ಲ."

"ಕಿವೀಲಿ ಹತ್ತಿ ಇತ್ತು ಮಾರಾಯ!"

"ಅದು ನಂಗೆ ಹೇಗೆ ಗೊತ್ತಾಗ್ಬೇಕು?"

ಹೀಗೆ ಜಗಳದಲ್ಲೇ ಪಾಠ ಶುರುವಾಯಿತು. ದಿನಾ ಬೆಳಿಗ್ಗೆ ಆರಕ್ಕೆ, ಕೆಲಸಕ್ಕೆ ಮುಂಚೆ. ಪೀಪಿಯ ಮಾತು ಸರಳ. ಮುಖ ನೀರಿನೊಳಗೆ, ನೋಟ ನೇರ ಕೆಳಕ್ಕೆ. ತಲೆ ಇಳಿದರೆ ಸೊಂಟ ತಾನಾಗಿ ಏಳುತ್ತದೆ. ಕೈ ಮುಂದಕ್ಕೆ ಚಾಚಬೇಕು. ನೀರನ್ನು ಕೆಳಕ್ಕಲ್ಲ, ಹಿಂದಕ್ಕೆ ತಳ್ಳಬೇಕು. ಉಸಿರಿಗೆ ತಲೆ ಎತ್ತಬಾರದು, ಪಕ್ಕಕ್ಕೆ ಹೊರಳಿಸಬೇಕು, ಒಂದು ಕಣ್ಣು ನೀರಲ್ಲೇ ಇರಬೇಕು. ಬುದ್ಧಿಗೆ ಎಲ್ಲ ಹೊಕ್ಕಿತು. ಕತ್ತಿಗೆ ಹೊಗಲಿಲ್ಲ. ಇಪ್ಪತ್ತಾರು ವರ್ಷ ಛಾವಣಿ ನೋಡಿದ ಕತ್ತು ಅದು. ಮೂರು ಸಲ ಕೈ ಬೀಸುವಷ್ಟರಲ್ಲಿ ತಾನೇ ಮೇಲೇಳುತ್ತಿತ್ತು. ಉಸಿರಿನದೂ ಅದೇ ಕಥೆ. ಗೋಡೆಗೆ ನೇರ ಗೆರೆ ಎಳೆಯುವಾಗ ಕೈ ಅಲುಗದಿರಲಿ ಎಂದು ಪೇಂಟರ್ ಉಸಿರು ಬಿಗಿಹಿಡಿಯುತ್ತಾನೆ. ಅಕ್ಕ ನೀರಲ್ಲೂ ಹಿಡಿಯುತ್ತಿದ್ದಳು.

"ಬಿಡು, ಉಸಿರು ಬಿಡು, ಗುಳ್ಳೆ ಬರ್ಲಿ!" ಎಂದು ಪೀಪಿ ಕುರ್ಚಿಯಿಂದ ಕಿರುಚುವುದು, ಅಕ್ಕ ಕೆಮ್ಮುತ್ತಾ ಏಳುವುದು. ಇಪ್ಪತ್ತೈದು ಮೀಟರಿಗೆ ಮೂವತ್ತಾರು ಬೀಸು. ಎರಡು ತಿಂಗಳಾದರೂ ಮೂವತ್ತಾರೇ.

"ಈ ಕತ್ತು ಬಗ್ಗೋ ಜಾತಿಯದಲ್ಲ" ಎಂದು ಪೀಪಿ ಕೈ ಚೆಲ್ಲಿದ.

"ನಾಳೆ ಆರಕ್ಕೆ ಬರ್ತೀನಿ" ಎಂದಳು ಅಕ್ಕ.

ಆದರೆ ಕೊಳವನ್ನು ವರ್ಷಕ್ಕೊಮ್ಮೆ ಬರಿದು ಮಾಡಿ ಬಣ್ಣ ಬಳಿಯುವ ಸಮಯ ಬಂತು, ಆ ಕೆಲಸ ತಮ್ಮನಿಗೇ ಸಿಕ್ಕಿತು. ಏಣಿ ಬೇಡದ ಕೆಲಸ ಯಾವುದು ಎಂದು ಹುಡುಕಿ ಅವನು ಅಕ್ಕನಿಗೆ ಈಜುವವರಿಗೆ ಸಾಲು ತೋರಿಸುವ, ಕೊಳದ ತಳದ ಕಪ್ಪು ಗೆರೆಗಳನ್ನು ಕೊಟ್ಟ. ಇದಕ್ಕಿಂತ ಕೆಳಗಿನ ಕೆಲಸ ಈ ಭೂಮಿಯ ಮೇಲಿಲ್ಲ ಎಂದು ಅಕ್ಕ ಗೊಣಗಿದಳು. ಗೊಣಗಿದರೂ ಕೆಲಸದಲ್ಲಿ ಮೋಸ ಮಾಡುವವಳಲ್ಲ. ಹಳೆಯ ಬಣ್ಣ ಕೆರೆದು, ದಾರಕ್ಕೆ ಪುಡಿ ಹಚ್ಚಿ ಮೀಟಿ ಗುರುತು ಹಾಕಿ, ಎರಡೂ ಬದಿಗೆ ಟೇಪ್ ಅಂಟಿಸಿ, ಮೊಣಕಾಲಲ್ಲಿ ತೆವಳುತ್ತಾ ಆರು ಗೆರೆ ಎಳೆದಳು. ಟೇಪ್ ಕಿತ್ತಾಗ ಐದು ಗೆರೆ ಕಣ್ಣಿಗೊತ್ತಿಕೊಳ್ಳುವ ಹಾಗಿದ್ದವು. ಮೂರನೆಯದರಲ್ಲಿ ಮಾತ್ರ, ನಡುಮಧ್ಯೆ, ಒಂದು ಬೆರಳಿನಷ್ಟು ಬಣ್ಣ ಟೇಪಿನಡಿ ನುಸುಳಿ ಆಚೆ ಹರಡಿತ್ತು.

"ಸರಿ ಮಾಡ್ತೀನಿ, ಒಂದು ದಿನ ಕೊಡು."

"ನೀರಿನಡಿ ಯಾರು ನೋಡ್ತಾರೆ ಅಕ್ಕ?" ಎಂದ ತಮ್ಮ.

ಹೀಗೆ ಅಕ್ಕನ ಕೆಲಸದಲ್ಲಿ ಒಂದು ಊನ, ಒಂದು ಕೊರೆ, ಉಳಿಯಿತು. ಬಣ್ಣ ಒಣಗಿ ನೀರು ತುಂಬುವವರೆಗೆ ಹತ್ತು ದಿನ ಅವಳಿಗೆ ಅದೇ ಚಿಂತೆ. ಗಂಡ ತಟ್ಟೆ ಮುಂದಿಟ್ಟರೂ ಅದರ ಅಂಚು ನೇರವಾಗಿದೆಯೇ ಎಂದು ನೋಡುತ್ತಿದ್ದಳು.

ಕೊಳ ತೆರೆದ ದಿನ ಅವಳು ಹಾರಿದ್ದು ಮೂರನೇ ಸಾಲಿಗೇ. ಈಜಲೆಂದಲ್ಲ, ಕೊರೆ ಎಷ್ಟು ಕಾಣುತ್ತದೆ ಎಂದು ನೋಡಲು. ಮುಖ ನೀರೊಳಗೆ ಇಳಿಸಿ ಗೆರೆಯ ಬಲ ಅಂಚನ್ನು ಹಿಡಿದು ಹೊರಟಳು. ಅಂಚು ಚೆನ್ನಾಗಿ ಬಂದಿತ್ತು. ಮುಂದೆಯೂ ಚೆನ್ನಾಗಿತ್ತು. ಉಸಿರಿಗೆ ತಲೆ ಎತ್ತಿದರೆ ಅಂಚು ತಪ್ಪಿಹೋಗುತ್ತದಲ್ಲ, ಹಾಗಾಗಿ ಎತ್ತಲಿಲ್ಲ. ಮಗ್ಗುಲಾಗಿ ಬಾಯಿಯಷ್ಟನ್ನೇ ಹೊರಗೆ ತಂದು ಗಾಳಿ ಎಳೆದು, ಮತ್ತೆ ಅಂಚಿಗೆ ಬಂದಳು. ನಡುವೆ ಆ ಕೊರೆ ಬಂತು. ನೀರಿನಡಿ ಅದು ಇನ್ನೂ ದೊಡ್ಡದಾಗಿ ಕಂಡಿತು. "ಥೂ ನಿನ್ನ" ಎಂದು ತಮ್ಮನಿಗೆ ಬೈದಳು, ಬೈಗುಳವೆಲ್ಲ ಗುಳ್ಳೆಯಾಗಿ ಹೊರಟಿತು. ಆಮೇಲೆ ಕೈಗೆ ಗೋಡೆ ತಗುಲಿತು. ಇಷ್ಟು ಬೇಗ ಗೋಡೆ ಎಲ್ಲಿಂದ ಬಂತು ಎಂದು ಅವಳು ಕಣ್ಣರಳಿಸಿದಳು.

ಪೀಪಿ ಕುರ್ಚಿಯಿಂದ ಎದ್ದು ನಿಂತಿದ್ದ. "ಇಪ್ಪತ್ತಾರು! ಇಪ್ಪತ್ತಾರೇ ಬೀಸು! ಏನು ಮಾಡಿದೆ?"

"ಏನೂ ಇಲ್ಲ. ಕೆಲಸ ನೋಡ್ತಿದ್ದೆ."

"ದಿನಾ ನೋಡು" ಎಂದ ಪೀಪಿ.

ದಿನಾ ನೋಡಿದಳು. ಅಂಚು ನೋಡುತ್ತಾ ನೋಡುತ್ತಾ ಕತ್ತು ತನ್ನ ಹಳೆಯ ಚಾಳಿ ಬಿಟ್ಟಿತು, ಕಾಲು ಮೇಲೆ ಬಂದವು, ಮೊಣಕೈ ಎತ್ತರದಲ್ಲಿ ನಿಂತು ಇಡೀ ಮುಂಗೈ ನೀರನ್ನು ಹಿಂದಕ್ಕೆ ನೂಕತೊಡಗಿತು. ಸಾವಿರದ ಐನೂರು ಮೀಟರ್ ನಲವತ್ತೇಳು ನಿಮಿಷಕ್ಕೆ ಬಂತು. ಸ್ಪರ್ಧೆಯಲ್ಲಿ ಈಜಿಗೆ ಕೊಡುವುದು ಐವತ್ತು, ಅದು ದಾಟಿದರೆ ಹೊರಗೆ.

"ಹೆಮ್ಮೆ ಪಡಬೇಡ" ಎಂದ ಪೀಪಿ. "ಕೆರೇಲಿ ಗೆರೆ ಇರಲ್ಲ."

"ಬರೀ ಗೋಡೆ ಮೇಲೂ ಇರಲ್ಲ. ನಾನೇ ಎಳೀತೀನಿ."

"ದೋಣೀಲಿ ನಾನೇ ಇರ್ತೀನಿ ಈ ಸಲಾನೂ. ಮೂರು ಸಲ ಕೂಗ್ತೀನಿ. ಉತ್ತರ ಬರ್ದಿದ್ರೆ ಎತ್ತೋದೇ. ನೀನೇ ಆಗ್ಲಿ, ನಮ್ಮಮ್ಮನೇ ಆಗ್ಲಿ."

"ಎತ್ತಿ ನೋಡು" ಎಂದಳು ಅಕ್ಕ.

ಸ್ಪರ್ಧೆಯ ಬೆಳಿಗ್ಗೆ ಕೆರೆ ಹಸಿರಾಗಿತ್ತು. ಮುಖ ಇಳಿಸಿದರೆ ಬರೀ ಹಸಿರು. ತನ್ನ ಕೈಯೇ ಮೊಣಕೈಯಿಂದಾಚೆ ಕಾಣಿಸುತ್ತಿರಲಿಲ್ಲ. ಮೊದಲ ನೂರು ಮೀಟರಿನಲ್ಲಿ ಅಕ್ಕನ ಕತ್ತು ಮೇಲೇಳಲು ಹವಣಿಸಿತು. ಹೆದರಿಕೆಯಾಯಿತು, ಸುಳ್ಳೇಕೆ. ಆಗ ಅವಳಿಗೆ ತಾನೇ ಹುಡುಗಿಯರಿಗೆ ಹೇಳಿಕೊಡುತ್ತಿದ್ದ ಮಾತು ನೆನಪಾಯಿತು: ಗೆರೆ ಎಳೆಯುವಾಗ ಬ್ರಷ್ ನೋಡಬೇಡಿ, ಗೆರೆ ಮುಗಿಯುವ ಜಾಗ ನೋಡಿ. ಕಣ್ಣನ್ನಷ್ಟೇ ನೀರಿನ ಮೇಲೆ ತಂದು ದಾರಿ ತೋರಿಸಲು ದೂರದಲ್ಲಿ ತೇಲಬಿಟ್ಟಿದ್ದ ಕಿತ್ತಳೆ ಬಣ್ಣದ ತೇಲುಗುಂಡನ್ನು ನೋಡಿದಳು. ಮುಖ ಇಳಿಸಿದಳು. ಹತ್ತು ಬೀಸು. ಮತ್ತೆ ಗುಂಡು. ಮತ್ತೆ ಹತ್ತು. ಹಸಿರಿನಲ್ಲಿ ಕಪ್ಪು ಗೆರೆ ಎಳೆಯುತ್ತಾ ಹೋದಳು, ಕೊರೆಯಿಲ್ಲದ್ದು.

ಕೊನೆಯ ಗುಂಡಿನ ತಿರುವಿನಲ್ಲಿ ಪಕ್ಕದವನ ಕಾಲು ಅವಳ ಮುಖಕ್ಕೆ ಬಡಿಯಿತು. ಈಜುಗನ್ನಡಕ ಹಣೆಗೇರಿತು, ಬಾಯಿತುಂಬಾ ನೀರು. ಅಕ್ಕ ನೆಟ್ಟಗಾದಳು, ಕೆಮ್ಮು ಒತ್ತರಿಸಿ ಬಂತು, ತಲೆ ಹಿಂದಕ್ಕೆ ಹೋಯಿತು, ಬಾಯಿ ಆಕಾಶಕ್ಕೆ ತೆರೆಯಿತು. ಥೇಟ್ ಹೋದ ವರ್ಷದ ಫೋಟೋ. ಈ ಸಲ ಕಿವಿಯಲ್ಲಿ ಹತ್ತಿ ಇರಲಿಲ್ಲ, ದೋಣಿಯ ಹುಟ್ಟಿನ ಸದ್ದು ಹತ್ತಿರವಾಯಿತು.

"ಹುಷಾರಾಗಿದೀಯಾ?" ಪೀಪಿಯ ದನಿ.

ಕೆಮ್ಮು ಬಿಡಲಿಲ್ಲ.

"ಹುಷಾರಾಗಿದೀಯಾ?"

ಬಾಯಿ ತೆರೆದಳು, ಗಾಳಿ ಒಳಗೆ ಹೋಗಲಿಲ್ಲ, ಮಾತು ಹೊರಗೆ ಬರಲಿಲ್ಲ. ಪೀಪಿ ಹುಟ್ಟು ಕೆಳಗಿಟ್ಟು ಮೊಣಕಾಲೂರಿ ಬಾಗಿದ. ಆ ಎರಡು ಕೈಗಳನ್ನು ಅಕ್ಕ ನೋಡಿದಳು. ಬುಡದ ಪಟ್ಟಿ, ಚೌಕಟ್ಟಿನ ಕೆಳತುದಿ, ಬೆನ್ನ ಮೇಲೆ ಬೀಳುವ ಹನಿ. ಸಾಯುವವರೆಗೆ ಮೊಣಕಾಲ ಮೇಲೆ.

"ಅಕ್ಕಾ, ಹುಷಾರಾಗಿದೀಯಾ?"

"ನಿನ್ನ ಮನೆ ಕಾಯ್ವಾಗ!" ಎಂದು ಕೂಗಿದಳು ಅಕ್ಕ. ಒಮ್ಮೆ ಬಾಯಿ ಬಂದಮೇಲೆ ನಿಲ್ಲಲಿಲ್ಲ. "ಹುಷಾರಾಗಿದೀನಿ, ಗಟ್ಟಿಮುಟ್ಟಾಗಿದೀನಿ, ಇನ್ನೂ ಐವತ್ತು ವರ್ಷ ಇರ್ತೀನಿ, ಆ ಕೈ ಮುಟ್ಟಿಸಿದ್ರೆ ನಿನ್ನನ್ನೂ ನಿನ್ನ ದೋಣೀನೂ ಸೇರಿಸಿ ಬೋರಲು ಹಾಕ್ತೀನಿ, ಆಮೇಲೆ ನೀನೇ ಆ ಪೀಪಿ ಊದ್ಕೊಂಡು ಕೂಗ್ಬೇಕು, ಸರಿ ಹಿಂದಕ್ಕೆ!"

ಪೀಪಿ ಕೈ ಹಿಂದಕ್ಕೆಳೆದ. "ಇಷ್ಟುದ್ದ ಬೈಯೋರು ಮುಳುಗಲ್ಲ" ಎಂದು ಹುಟ್ಟು ಎತ್ತಿಕೊಂಡ.

ಅಕ್ಕ ಕನ್ನಡಕ ಇಳಿಸಿದಳು, ಗುಂಡಿನಾಚೆಯ ದಡವನ್ನು ಒಮ್ಮೆ ನೋಡಿದಳು, ಮುಖವನ್ನು ನೀರಿಗೆ ಕೊಟ್ಟಳು. ಉಳಿದ ಇನ್ನೂರು ಮೀಟರಿನಲ್ಲಿ ಅವಳ ಬೈಗುಳದ ಬಾಕಿಯೆಲ್ಲ ಗುಳ್ಳೆಗಳಾಗಿ ಹಿಂದೆ ಉಳಿಯಿತು.

ಕೈ ಕಾಂಕ್ರೀಟ್ ಇಳಿಜಾರಿಗೆ ತಾಗಿದಾಗ ದಡದ ಗಡಿಯಾರ ನಲವತ್ತೊಂಬತ್ತು ನಿಮಿಷ ಹನ್ನೆರಡು ಸೆಕೆಂಡ್ ತೋರಿಸುತ್ತಿತ್ತು. ಇಳಿಜಾರು ಪಾಚಿಗಟ್ಟಿತ್ತು. ಈಜಿ ಬಂದವರನ್ನು ಎಳೆದುಕೊಳ್ಳಲು ಕಾರ್ಯಕರ್ತರು ಸಾಲಾಗಿ ನಿಂತಿದ್ದರು. ಅವರ ನಡುವೆ ನುಗ್ಗಿ, ಷೂ ಸಮೇತ ಮೊಣಕಾಲುದ್ದ ನೀರಿಗಿಳಿದು ತಮ್ಮ ಕೈ ಚಾಚಿದ್ದ. ಅವನ ಕಣ್ಣು ಕೆಂಪಾಗಿದ್ದವು. ದೋಣಿ ಹತ್ತಿರ ಹೋದದ್ದನ್ನು ಅವನೂ ನೋಡಿದ್ದ.

"ಜಾರುತ್ತೆ ಅಕ್ಕ. ಕೈ ಕೊಡು."

ಅಕ್ಕ ಆ ಕೈಯನ್ನು ನೋಡಿದಳು. ತಾನೇ ಬ್ರಷ್ ಹಿಡಿಸಿದ ಕೈ. ಅವಳಿಗೆ ಪ್ರೀತಿ ಉಕ್ಕಿತು, ಆದರೂ ಹಿಡಿಯಲಿಲ್ಲ.

"ಈಗ ಬೇಡ" ಎಂದಳು. "ಸೋಮವಾರ ಬೇಕು. ಏಣಿ ಬುಡ ಹಿಡ್ಕೊಳ್ಳೋಕೆ."

ಕಾಲ್ಬೆರಳನ್ನು ಪಾಚಿಗೆ ಊರಿ ನಿಂತಳು, ಒಮ್ಮೆ ವಾಲಿದಳು, ಮತ್ತೆ ನಿಂತಳು. ಆಮೇಲೆ ಸೈಕಲ್ ನಿಲ್ಲಿಸಿದ್ದ ಕಡೆಗೆ ಓಡಿದಳು. ಇನ್ನೂ ಐವತ್ತು ಕಿಲೋಮೀಟರ್ ಬಾಕಿ ಇತ್ತು.