ಖಾಲಿ ಕೊಡ

ಗಜೇಂದ್ರಗಡದಲ್ಲಿ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುವ ಸಾವಕ್ಕನ ಮೊಣಕಾಲು ಬಿಗಿಯತೊಡಗಿತ್ತು. "ದಿನಾ ಸಂಜಿ ಕೆರಿ ಸುತ್ತ ನಡೀರಿ, ಇಲ್ಲಾಂದ್ರ ಮಗ್ಗ ಮರೀರಿ" ಎಂದಿದ್ದರು ಡಾಕ್ಟರು.

ಕೆರೆಯ ದಂಡೆಗೆ ಈಗ ಕಲ್ಲು ಹಾಸಿದ ದಾರಿಯಿದೆ, ಕೂರಲು ಬೆಂಚುಗಳಿವೆ. ಆದರೆ ಕೆಲಸವಿಲ್ಲದೆ ಬರಿಗೈಯಲ್ಲಿ ಸುತ್ತುವುದೆಂದರೆ ಸಾವಕ್ಕನಿಗೆ ನಾಚಿಕೆ. ಟೊಂಕದ ಮೇಲೊಂದು ಖಾಲಿ ಕೊಡ ಇಟ್ಟುಕೊಂಡು ಹೊರಟಳು.

ಬೆಂಚಿನ ಮೇಲೆ ಕೂತಿದ್ದ ಅದೇ ಓಣಿಯ ಪುಷ್ಪಾವತಿ ಕೇಳಿದಳು. "ಯಾಕ ಸಾವಕ್ಕ, ನಿಮ್ಮ ನಳಕ್ಕ ನೀರ ಬಂದಿಲ್ಲೇನ?"

"ಇಲ್ಲವ್ವಾ" ಎಂದುಬಿಟ್ಟಳು ಸಾವಕ್ಕ.

"ಅಯ್ಯ, ಈ ಕಾಲದಾಗ ಕೆರಿ ನೀರ ಹೊರಬೇಕಾತೇನ!"

ಮರುದಿನ ಬೆಳಿಗ್ಗೆ ಪುಷ್ಪಾವತಿ, ನೀರು ಬಿಡುವ ಮೈಲಾರಿಯನ್ನು ಕರೆದುಕೊಂಡೇ ಬಂದಳು. ಅವನು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ನಳ ತಿರುವಿದರೆ ನೀರು ಭರ್ರನೆ ಸುರಿಯಿತು.

"ಇದೇನ ಬೇ ಯವ್ವಾ, ಹೊಳಿ ಬಂದಂಗ ಬರಾಕತ್ತೈತಿ!" ಮೈಲಾರಿ ನಕ್ಕ.

ಸಾವಕ್ಕ ತಲೆ ತಗ್ಗಿಸಿದಳು. "ಕಾಲಿಗೆ ಚಲೋ ಅಂತ ಡಾಕ್ಟರ್ ನಡಿ ಅಂದಾರ. ಸುಮ್ಮ ಅಡ್ಡಾಡಿದ್ರ ಮಂದಿ ಏನಂದಾರು ಅಂತ ಕೊಡ ಒಯ್ದೆ."

ಪುಷ್ಪಾವತಿ ತಟ್ಟನೆ ತಿರುಗಿ ಮನೆಗೆ ಹೋದಳು. ಅವಳು ಮುನಿಸಿಕೊಂಡಳೆಂದೇ ತಿಳಿದ ಸಾವಕ್ಕ ಆ ಸಂಜೆ ಕೆರೆಗೆ ಹೊರಡಲಿಲ್ಲ. ಮಗ್ಗದ ಮುಂದೆ ಮೊಣಕಾಲು ನೀವಿಕೊಳ್ಳುತ್ತ ಕೂತಳು.

ಬಾಗಿಲಲ್ಲಿ ಬಳೆಯ ಸದ್ದಾಯಿತು. ನೋಡಿದರೆ ಪುಷ್ಪಾವತಿಯ ಟೊಂಕದ ಮೇಲೂ ಒಂದು ಖಾಲಿ ಕೊಡ.

"ನಮ್ಮ ನಳಕ್ಕೂ ನೀರ ಬಂದಿಲ್ಲ" ಎಂದಳು. "ಲಗೂ ಏಳ ಬೇ, ಹೊತ್ತು ಮುಣಗತೈತಿ."