ಅರ್ಧ ಬಿಲ್ಲೆ

"ಇದು ನಿಮ್ಮದಾ ನೋಡಿ."

ಅಲಮೇಲು ಅಂಗೈ ಚಾಚಿದ್ದಳು. ಬಟ್ಟೆಯ ಕ್ಲಿಪ್ಪು, ಒಂದು ಗುಂಡಿ, ಮತ್ತು ಅದು. ಹೃಷೀಕೇಶನ ಬಾಯಲ್ಲಿ ಬ್ರಷ್ಷು ನಿಂತಿತು.

"ಬಾಲ್ಕನಿಯಲ್ಲಿ ವಾಷಿಂಗ್ ಮೆಷೀನಿನ ಹಿಂದೆ ಬಿದ್ದಿತ್ತು. ಗ್ರೀಸು ಮೆತ್ತಿಕೊಂಡಿತ್ತು ಅಂತ ಸೋಪು ಹಾಕಿ ತೊಳೆದೆ. ತೊಳೀಬಾರದಿತ್ತಾ?"

ಅರ್ಧಚಂದ್ರದಂಥ ತೆಳ್ಳನೆಯ ಲೋಹದ ಬಿಲ್ಲೆ. ಒಂದು ಮಗ್ಗುಲಲ್ಲಿ ಎಣ್ಣೆ ಹರಿಯಲು ಎರಡು ಗೀರು. ಅವಳು ಅದನ್ನು ಒರೆಸಿ ಒಣಗಿಸಿಯೂ ತಂದಿದ್ದಳು. ಮಗುವಿನ ಕೈಬಳೆಯ ಹಾಗೆ ಹೊಳೆಯುತ್ತಿತ್ತು.

ಅವನು ಬೇಸಿನ್ನಿಗೆ ಬಗ್ಗಿ ಬಾಯಿ ಮುಕ್ಕಳಿಸಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮುಕ್ಕಳಿಸಿದ.

"ಸ್ಪೇರು," ಎಂದ. "ಒಂದು ಜಾಸ್ತಿ ಬಂದಿತ್ತು."

"ಸದ್ಯ. ಏನೋ ಮುಖ್ಯವಾದ್ದು ಅಂದ್ಕೊಂಡೆ. ಅವರೆಲ್ಲ ಎಷ್ಟು ಹೊತ್ತಿಗೆ ಬರ್ತಾರೆ? ಉಪ್ಪಿಟ್ಟು ಸಾಕಾಗತ್ತಾ?"

"ಸಾಕು."

ಬಿಲ್ಲೆಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಸುಳ್ಳು ಎಷ್ಟು ಸಲೀಸಾಗಿ ಬಂತೆಂಬುದು ಅವನಿಗೇ ಆಶ್ಚರ್ಯ.

ಎಂಜಿನ್ನಿನ ಹೊಟ್ಟೆಯಲ್ಲಿ ಕ್ರ್ಯಾಂಕು ಎಂಬ ಭಾರದ ದಂಡ ಇರುತ್ತದೆ. ಅದು ತಿರುಗಬೇಕು; ಹಿಂದಕ್ಕೂ ಮುಂದಕ್ಕೂ ಜಾರಬಾರದು. ಅದಕ್ಕೆಂದೇ ಆ ಬದಿಗೊಂದು, ಈ ಬದಿಗೊಂದು ಅರ್ಧ ಬಿಲ್ಲೆ. ಒಂದು ಇಲ್ಲದಿದ್ದರೂ ಎಂಜಿನ್ ಓಡುತ್ತದೆ. ಚೆನ್ನಾಗಿಯೇ ಓಡುತ್ತದೆ. ಆದರೆ ಕ್ಲಚ್ ಒತ್ತಿದಾಗಲೆಲ್ಲ ದಂಡ ಜಾರಿ ಎಂಜಿನ್ನಿನ ಗೋಡೆಯನ್ನು ತೇಯುತ್ತದೆ. ಹೊರಗಿನವರಿಗೆ ತಿಳಿಯುವುದು ತೇದು ಮುಗಿದ ಮೇಲೆ.

ಬಾಲ್ಕನಿಯಲ್ಲಿ ದಂಡ ಕೂರಿಸುತ್ತಿದ್ದ ಸಂಜೆ ಆಫೀಸಿನಿಂದ ಫೋನು ಬಂದಿತ್ತು. ಬಿಲ್ಲೆಗಳನ್ನು ಗ್ರೀಸಿನಿಂದ ಅಂಟಿಸಿ ಎದ್ದು ಹೋಗಿದ್ದ. ಬಂದು ನೋಡಿದಾಗ ಒಂದು ಕಣ್ಣಿಗೆ ಬಿತ್ತು. ಇನ್ನೊಂದು ಆ ಕಡೆ ಇದ್ದೇ ಇರುತ್ತದೆ ಎಂದುಕೊಂಡ. ಕೈಯಿಂದ ಮುಟ್ಟಿ ನೋಡಲಿಲ್ಲ. ಎರಡೂ ಕೂತವು ಎಂದು ಹಳೇ ಕಾರು ರಿಪೇರಿ ಮಾಡುವವರ ವಾಟ್ಸಾಪ್ ಗ್ರೂಪಿಗೆ ಬರೆದ. ಹೆಬ್ಬೆರಳುಗಳ ಮಳೆ ಸುರಿಯಿತು.

ಐರೋಲಿಯ ಆಡಿಟ್ ಆಫೀಸಿನಲ್ಲಿ ಅವನಿಗೆ ಸಂಬಳ ಬರುವುದು ಬೇರೆಯವರು ಮುಟ್ಟಿ ನೋಡದೆ ಹಾಕಿದ ಸಹಿಗಳನ್ನು ಹಿಡಿಯುವುದಕ್ಕೆ. 'ವಿವರಣೆ ತೃಪ್ತಿಕರವಾಗಿಲ್ಲ' ಎಂದು ಬರೆಯುತ್ತಾನೆ. ಲಿಫ್ಟಿನಲ್ಲಿ ಅವನ ಜೊತೆ ಯಾರೂ ಮಾತಾಡುವುದಿಲ್ಲ. ಈ ಹಳೆಯ ಮಾರುತಿ ಎಂಟುನೂರನ್ನು ಕೊಂಡು, ಎಂಜಿನ್ ಬಿಚ್ಚಿ ಮನೆಗೆ ಹೊತ್ತು ತಂದದ್ದು ಯಾಕೆಂದು ಅಲಮೇಲುಗೆ ಹೇಳಲು ಅವನಿಗೆ ಆಗಿರಲಿಲ್ಲ. ಕಬ್ಬಿಣದ ಎದುರು ನಾಟಕ ಬೇಕಿಲ್ಲ ಎಂದು ಹೇಳಿದ್ದರೆ ಅವಳು ನಗುತ್ತಿದ್ದಳು. ಬಹುಶಃ ನಗುತ್ತಿರಲಿಲ್ಲ. ತನ್ನ ಮೆತ್ತನೆಯ ಹಳೇ ಸೀರೆಯನ್ನು ಚೌಕ ಚೌಕವಾಗಿ ಕತ್ತರಿಸಿ, ಎಣ್ಣೆ ಒರೆಸಲೆಂದು ಬಾಲ್ಕನಿಯಲ್ಲಿ ಅವಳೇ ಇಟ್ಟಿದ್ದಳು. ಅವನು ಕೇಳಿರಲಿಲ್ಲ.

ಫೋನು ಗುಂಯ್ ಅಂದಿತು. ಗ್ರೂಪಿನಲ್ಲಿ ಲೀಲಾಧರ ಶೆಟ್ಟರ ಧ್ವನಿ. ಠಾಣೆಯಲ್ಲಿ ಹೋಟೆಲು ನಡೆಸಿ ಮಗನಿಗೆ ಬಿಟ್ಟುಕೊಟ್ಟ ಶೆಟ್ಟರು ಯಾರ ಕಾರು ಕೆಮ್ಮಿದರೂ ಔಷಧ ಹೇಳುವವರು. "ಹೊಸಬರೆಲ್ಲ ಕೇಳಿ ಮಾರಾಯ್ರೆ. ಇವತ್ತು ನಮ್ಮ ಹೃಷಿ ಸರ್ ಎಂಜಿನ್ ಸುರು ಆಗ್ಲಿಕ್ಕುಂಟು. ಅವಸರ ಇಲ್ಲದ ಕೆಲಸ ಹೇಗಿರ್ತದೆ ಅಂತ ಅವರ ಫೋಟೋ ನೋಡಿ ಕಲೀರಿ."

ಹೃಷೀಕೇಶ ಟೈಪು ಮಾಡಿದ: ಇವತ್ತು ಬೇಡ, ಒಂದು ತಪ್ಪಾಗಿದೆ. ಓದಿದ. ಅಳಿಸಿದ. 'ಬನ್ನಿ' ಎಂದು ಕಳಿಸಿದ.

ಕೆಳಗೆ ಪಾರ್ಕಿಂಗಿನಲ್ಲಿ ಮೊದಲು ಬಂದವನು ಸೀವುಡ್ಸಿನ ಮನೀಶ್. ಹೋದ ಭಾನುವಾರ ಎಂಜಿನ್ನನ್ನು ಕಾರಿಗೆ ಇಳಿಸುವಾಗ ಅವನ ಬೆರಳು ಸಿಕ್ಕಿಕೊಂಡಿತ್ತು. ಉಗುರು ಈಗ ಕಪ್ಪು.

"ಹೇಗಿದೆ ಬೆರಳು?"

"ಅರೆ ಛೋಡೋ ಯಾರ್. ಹತ್ತರಲ್ಲಿ ಒಂದು. ನಿಮ್ಮ ಎಂಜಿನ್‌ಗೆ ಬಲಿ ಕೊಟ್ಟೆ, ಇನ್ನು ಅದು ಚಾಲೂ ಆಗಲೇಬೇಕು!"

ಎಂಜಿನ್ನನ್ನು ಮತ್ತೆ ಹೊರಗೆ ತೆಗೆಯಬೇಕು ಎಂದು ಆ ಉಗುರಿಗೆ ಹೇಳುವುದು ಹೇಗೆ?

ಶೆಟ್ಟರು ರಿಕ್ಷಾದಿಂದ ಇಳಿದರು. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಗೋಳಿಬಜೆಯ ಡಬ್ಬಿ. ವಾಚ್‌ಮನ್ನನಿಗೆಂದು ಬೇರೆಯೇ ಪೊಟ್ಟಣ ಕಟ್ಟಿ ತಂದಿದ್ದರು. ಅದನ್ನು ಕೊಟ್ಟ ಮೇಲೆಯೇ ಇತ್ತ ಬಂದದ್ದು. ಕೊನೆಗೆ ಸ್ಕೂಟರಿನಲ್ಲಿ ನಿಶ್ಮಿತಾ. ಕಲ್ಯಾಣದಲ್ಲಿ ಹಲ್ಲಿನ ಡಾಕ್ಟರು. ಅಪ್ಪನ ಹಳೇ ಎಂಟುನೂರನ್ನು ಒಬ್ಬಳೇ ಬಿಚ್ಚಿ ಜೋಡಿಸಿದವಳು. ಕಾರಿನ ಬಣ್ಣಕ್ಕೆ ಗೀರು ಬೀಳದ ಹಾಗೆ ಅಂಚಿಗೆ ಟವೆಲು ಹಾಸಿ, ಆಮೇಲೆ ಬಗ್ಗಿ ನೋಡಿದಳು.

"ಚಂದ ಮಾಡಿದ್ದೀರಿ ಸರ್," ಎಂದಳು. ಅವನು ತಲೆಯಾಡಿಸಿದ. ಜೇಬಿನಲ್ಲಿದ್ದದ್ದು ತೊಡೆಗೆ ಒತ್ತುತ್ತಿತ್ತು.

ಅಲಮೇಲು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. ಎಣ್ಣೆಯ ಮುಚ್ಚಳಕ್ಕೆ ಬೊಟ್ಟಿಟ್ಟಳು. ಇಷ್ಟು ಜನ ಅವಳ ಅತಿಥಿಗಳಾಗಿ ಎಷ್ಟು ಕಾಲವಾಗಿತ್ತೋ, ಮಾತು ತಾನಾಗಿ ಬರುತ್ತಿತ್ತು.

"ಈ ಸಾಮಾನು ಮಾರೋವ್ರು ಒಳ್ಳೆಯವರು ಕಣಮ್ಮ," ಎಂದಳು ನಿಶ್ಮಿತಾಗೆ. "ಒಂದು ಸ್ಪೇರು ಜಾಸ್ತಿನೇ ಕೊಡ್ತಾರೆ. ಅರ್ಧ ಬಳೆ ಥರದ್ದು. ಬೆಳಿಗ್ಗೆ ಕಸ ಗುಡಿಸೋವಾಗ ಸಿಕ್ತು."

ನಿಶ್ಮಿತಾ ತಲೆಯೆತ್ತಲಿಲ್ಲ. ಟವೆಲಿನ ಅಂಚನ್ನು ಸರಿಮಾಡಿದಳು.

"ಹೌದಾ ಆಂಟಿ," ಎಂದಳು.

ಮನೀಶ್ ಮತ್ತು ಶೆಟ್ಟರು ಕಾಯಿ ಎಲ್ಲಿ ಒಡೆಯಬೇಕೆಂದು ವಾದಿಸುತ್ತಿದ್ದರು. ನೆಲದ ಟೈಲ್ಸು ಸೀಳಿದರೆ ಸೊಸೈಟಿಯ ಸೆಕ್ರೆಟರಿ ತನ್ನ ತಲೆ ಸೀಳುತ್ತಾನೆ ಎಂದು ವಾಚ್‌ಮನ್ನು. ನಿಶ್ಮಿತಾ ಹೃಷೀಕೇಶನ ಕಡೆ ತಿರುಗಿದಳು.

"ಸರ್, ಒಮ್ಮೆ ಕ್ಲಚ್ ಒತ್ತಿ. ನಾನು ಇಲ್ಲಿ ಪುಲ್ಲಿ ನೋಡ್ತೇನೆ. ಸುಮ್ಮನೆ, ಒಂದ್ಸಲ."

ದಂಡ ಜಾರುವುದಾದರೆ ಅದರ ತುದಿಯ ಗಾಲಿ, ಆ ಪುಲ್ಲಿಯೂ ಒಳಕ್ಕೆ ಸರಿಯುತ್ತದೆ. ಬರಿಗಣ್ಣಿಗೆ ಕಾಣುತ್ತದೆ. ಅವನಿಗೆ ಅದು ಗೊತ್ತಿತ್ತು, ಅವನಿಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು.

ಸೀಟಿನಲ್ಲಿ ಕೂತ. ಪೆಡಲಿನ ಮೇಲೆ ಕಾಲಿಟ್ಟ. ಮೊದಲ ಅಂಗುಲ ಯಾವಾಗಲೂ ಸಡಿಲ. ಅಲ್ಲಿ ಏನೂ ಆಗುವುದಿಲ್ಲ. ಅಷ್ಟಕ್ಕೇ ಒತ್ತಿ ನಿಲ್ಲಿಸಿದ.

"ಒತ್ತಿದೆ."

ಎತ್ತಿದ ಬಾನೆಟ್ಟಿನ ಆಚೆ ಅವಳ ಮುಖ ಕಾಣುತ್ತಿರಲಿಲ್ಲ.

"ಪೂರ್ತಿಯಾ ಸರ್?"

"ಪೂರ್ತಿ."

ಅವಳು ಸುತ್ತಿ ಬಂದು ಕಿಟಕಿಗೆ ಬಗ್ಗಿದಳು. ರೋಗಿಯ ಬಾಯೊಳಗೆ ನೋಡುವವರ ಸಮಾಧಾನದ ಮುಖ. "ಪುಲ್ಲಿ ಅಲುಗಲಿಲ್ಲ," ಎಂದಳು. ಆಮೇಲೆ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, "ಕ್ಲಚ್ಚಿನ ಕೇಬಲ್ಲೂ ಅಲುಗಲಿಲ್ಲ ಸರ್."

ಅವನು ಸ್ಟೇರಿಂಗನ್ನು ನೋಡುತ್ತ ಕೂತ.

"ಬ್ಯಾಟರಿ ವೀಕ್ ಅಂತ ನಾನು ಹೇಳ್ತೇನೆ. ಇವತ್ತು ಬಜೆ ತಿಂದು ಹೋಗುವ. ಮುಂದಿನ ವಾರ ನಾನೊಬ್ಬಳೇ ಬರ್ತೇನೆ, ಎಂಜಿನ್ ಹೊರಗೆ ತೆಗೆಯುವ. ಯಾರಿಗೂ ಗೊತ್ತಾಗುದಿಲ್ಲ."

ಅಷ್ಟು ಮೆತ್ತಗೆ ಅವನ ಜೊತೆ ಯಾರಾದರೂ ಮಾತಾಡಿ ಬಹಳ ದಿನವಾಗಿತ್ತು. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಅವಳು ಗದರಿದ್ದರೆ ಒಪ್ಪಿಕೊಳ್ಳುತ್ತಿದ್ದನೋ ಏನೋ.

"ಬ್ಯಾಟರಿ ಹೊಸದು," ಎಂದ. "ಚೆನ್ನಾಗಿದೆ."

ಅವಳು ನೆಟ್ಟಗಾದಳು. ಟವೆಲು ಮಡಚಿದಳು. ಹಿಂದಕ್ಕೆ ಸರಿದು ನಿಂತಳು.

"ಸೆಲ್ಫ್ ಮಾರೋ ಸರ್!" ಎಂದು ಮನೀಶ್ ಕೂಗಿದ.

ಹೃಷೀಕೇಶ ಕೀಲಿ ತಿರುಗಿಸಿದ. ಎಂಜಿನ್ ಎರಡು ಸಲ ಗೊಗ್ಗರಿಸಿತು. ಮೂರನೆಯ ಸಲ ಹಿಡಿದುಕೊಂಡಿತು. ಎಣ್ಣೆ ಸುಟ್ಟ ನೀಲಿ ಹೊಗೆ ಬಂದು ಹೋಯಿತು. ಆಮೇಲೆ ಸದ್ದು ಸಮವಾಯಿತು. ಹೊಲಿಗೆ ಮಿಷನ್ನಿನಂತೆ, ಎಲ್ಲಿಯೂ ಎಳೆ ತಪ್ಪದೆ. ಮನೀಶ್ ಸಿಳ್ಳೆ ಹೊಡೆದ. ಅಲಮೇಲು ಸೆರಗಿನಿಂದ ಕಣ್ಣೊತ್ತಿಕೊಂಡಳು. ಶೆಟ್ಟರು ಕಾರಿನ ನೆತ್ತಿಯ ಮೇಲೆ ಅಂಗೈ ಇಟ್ಟರು, ಜ್ವರ ನೋಡುವವರಂತೆ.

"ಇದು ಎಂಜಿನ್ ಅಲ್ಲ ಮಾರಾಯ್ರೆ, ವೀಣೆ. ಗ್ರೂಪಿಗೆ ವಿಡಿಯೋ ಹಾಕು ಮನೀಶ. ಸರ್, ಅಮ್ಮನವರನ್ನು ಕೂರಿಸಿಕೊಳ್ಳಿ. ಬ್ರಿಜ್ ದಾಟಿ ಗಣಪತಿ ಗುಡಿ, ಕಾಯಿ ಅಲ್ಲೇ ಒಡೆಯುವ. ನಾವು ಹಿಂದೆ ಬರ್ತೇವೆ."

"ಇವತ್ತೇ?" ಎಂದ ಹೃಷೀಕೇಶ.

"ಮತ್ತೆ ಯಾವಾಗ? ಪಂಚಾಂಗ ನೋಡ್ಲಿಕ್ಕುಂಟಾ?"

ನಿಶ್ಮಿತಾ ಎಲ್ಲಿ ಎಂದು ನೋಡಿದ. ಅವಳು ಸ್ಕೂಟರಿನ ಪಕ್ಕ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು. ಏನಾದರೂ ಹೇಳುತ್ತಾಳೆಂದು ಕಾದ. ಹೇಳಲಿ ಎಂದು ಕಾದ.

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದು ಸ್ಕೂಟರು ಚಾಲೂ ಮಾಡಿದಳು.

ಈಗ ಕ್ಲಚ್ಚನ್ನು ಪೂರ್ತಿ ಒತ್ತಲೇಬೇಕಾಯಿತು. ಕೆಳಗೆಲ್ಲೋ ಟಕ್ ಎಂದಿತು.

ಠಾಕುರ್ಲಿಯ ಸೇತುವೆ ಭಾನುವಾರವೂ ತುಂಬಿತ್ತು. ರಿಕ್ಷಾ, ಟೆಂಪೊ, ಬೈಕುಗಳು. ಏರಿನಲ್ಲಿ ಸಾಲು ನಾಲ್ಕು ಮಾರು ಸರಿಯುವುದು, ನಿಲ್ಲುವುದು. ಸರಿದಾಗ ಕ್ಲಚ್ಚು, ನಿಂತಾಗ ಕ್ಲಚ್ಚು. ಪ್ರತಿ ಸಲ ಟಕ್. ನ್ಯೂಟ್ರಲ್ಲಿಗೆ ಹಾಕೋಣವೆಂದರೆ ಹ್ಯಾಂಡ್‌ಬ್ರೇಕು ಇನ್ನೂ ಬಿಗಿ ಮಾಡಿರಲಿಲ್ಲ.

"ಏನ್ರೀ ಸದ್ದು ಅದು?"

"ಹೊಸತಲ್ವಾ. ಹಾಗೇ ಇರತ್ತೆ."

ಅಲಮೇಲು ಒಪ್ಪಿಕೊಂಡಳು. ಕಿಟಕಿಯ ಗಾಜನ್ನು ಅವಳೇ ತಿರುವಿ ಇಳಿಸಿದಳು. "ಎಷ್ಟು ಒಳ್ಳೆ ಜನ," ಎಂದಳು. "ನಿಮಗೂ ಇಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ."

ಅವನು ತಲೆಯೆತ್ತಿದ. ಕನ್ನಡಿಯಲ್ಲಿ ಮನೀಶನ ಕಾರು. ಶೆಟ್ಟರು ಕಿಟಕಿಯಿಂದ ಕೈ ಹೊರಹಾಕಿ ಯಾರಿಗೋ, 'ನಮ್ಮದು, ನಮ್ಮದು' ಎನ್ನುವಂತೆ ಅವನ ಕಾರನ್ನು ತೋರಿಸುತ್ತಿದ್ದರು. ಅದರ ಹಿಂದೆ ಒಂದು ಹೆಲ್ಮೆಟ್ಟು.

ಸೇತುವೆಯ ನೆತ್ತಿಯ ಹತ್ತಿರ ಸಾಲು ಪೂರ್ತಿ ನಿಂತಿತು. ಬ್ರೇಕಿನ ಮೇಲಿದ್ದ ಕಾಲು ಸೋತಿತ್ತು. ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಮತ್ತೊಂದು ಗೇಣು.

"ಕಾಕಾ, ಥಾಂಬಾ ಥಾಂಬಾ!"

ನಿಲ್ಲಿಸಿ ನಿಲ್ಲಿಸಿ ಎಂದು ಕೂಗುತ್ತ ಪಕ್ಕದ ರಿಕ್ಷಾದವನು ಜಿಗಿದು ಇಳಿದ. ತನ್ನ ಸೀಟಿನಡಿಯಿಂದ ಒಂದು ಕಲ್ಲು ತೆಗೆದು ಹಿಂದಿನ ಚಕ್ರಕ್ಕೆ ಒತ್ತಿಟ್ಟ. ಪಾದದಿಂದ ತಳ್ಳಿ ಗಟ್ಟಿಮಾಡಿದ. ಕಿಟಕಿಯ ಹತ್ತಿರ ಬಂದು, ಇನ್ನು ಕಾಲು ತೆಗೀರಿ ಎಂದು ಎರಡೂ ಕೈಯಿಂದ ಸನ್ನೆ ಮಾಡಿ ನಕ್ಕ. ಕಲ್ಲನ್ನು ವಾಪಸು ಕೇಳಲಿಲ್ಲ.

ಹೃಷೀಕೇಶ ಗೇರು ತಪ್ಪಿಸಿದ. ಒಂದು ಕಾಲೆತ್ತಿದ. ಇನ್ನೊಂದನ್ನೂ ಎತ್ತಿದ. ಕಾರು ಕಲ್ಲಿಗೆ ಒರಗಿ ನಿಂತಿತು.

ಸಾಲು ಸರಿಯಿತು. ಮುಂದಿನ ಟೆಂಪೊ ಇಳಿಜಾರಿನಲ್ಲಿ ಮರೆಯಾಯಿತು. ರಿಕ್ಷಾದವನೂ ಕೈಬೀಸಿ ಹೋದ. ಹಿಂದೆ ಒಂದು ಹಾರನ್ನು, ಆಮೇಲೆ ಹಲವು. ನಡುವೆ ಮನೀಶನ ಸಿಳ್ಳೆ.

"ದಾರಿ ಬಿಟ್ಟಿದೆ, ಹೋಗೋಣ್ವಾ?" ಎಂದಳು ಅಲಮೇಲು.

ಕೆಳಗೆ ಲೋಕಲ್ಲೊಂದು ಹಾದುಹೋಗಿ ಸೇತುವೆ ಅದುರಿತು. ಕಲ್ಲು ಅಲುಗಲಿಲ್ಲ. ಹೊರಡಬೇಕೆಂದರೆ ಮತ್ತೆ ಕ್ಲಚ್ಚು ಒತ್ತಬೇಕು. ಅವನು ಎರಡೂ ಪಾದಗಳನ್ನು ಸೀಟಿನ ಕೆಳಗೆ ಎಳೆದುಕೊಂಡು ಕೂತ. ಮುಂದೆ ಕಣ್ಣು ಹೋಗುವಷ್ಟು ದೂರ ರಸ್ತೆ ಖಾಲಿಯಿತ್ತು. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು.